ಅಂಚಿಲ್ಲದ ಗಾಜು

ಹರಿಶ್ಚಂದ್ರನ ಕಥೆಯನ್ನು ವರ್ಷಕ್ಕೊಮ್ಮೆ ತರಗತಿಯಲ್ಲಿ ಪಾಠ ಹೇಳಿ, ಅದಕ್ಕಾಗಿ ಸಂಬಳವನ್ನೂ ಎಣಿಸಿಕೊಳ್ಳುವ ನಾನು ಕಳೆದ ಮಳೆಗಾಲದಲ್ಲಿ 22 ದಿನ ನನ್ನ ಹೆಂಡತಿಗೆ ಸುಳ್ಳು ಹೇಳಿದೆ. ಬಾಯಿಬಿಟ್ಟು ಹೇಳಿದ್ದಲ್ಲ, ಹೇಳಿದ್ದರೆ ಆಕೆ ಅರ್ಧ ವಾಕ್ಯಕ್ಕೇ ಹಿಡಿದುಬಿಡುತ್ತಿದ್ದಳು. ರಸ್ತೆಬದಿಯ ಅಂಗಡಿಯಲ್ಲಿ 250 ರೂಪಾಯಿ ಕೊಟ್ಟು ಕೊಂಡ, ಪುಸ್ತಕದ ಹಾಗೆ ಮಡಚುವ ಒಂದು ರೆಕ್ಸಿನ್ ಕವಚ ನನ್ನ ಪರವಾಗಿ ಸುಳ್ಳು ಹೇಳಿತು. ಒಳಗೆ ಒಡೆದ ಗಾಜು, ಅದರ ಮೇಲೆ ಚರ್ಮದಂತೆ ಕಾಣುವ ರೆಕ್ಸಿನ್ನು, ಅದರ ಮೇಲೆ ನನ್ನ ಅಂಗೈ. ಈ ಮೂರು ಪದರಗಳ ವಿಚಾರವನ್ನು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ವಾಚಕರಲ್ಲಿ ಅನೇಕರ ಜೇಬಿನಲ್ಲಿಯೂ ಇಂಥವೇ ಪದರಗಳು ಇರಬಹುದಾದ್ದರಿಂದ, ಇದು ಇವನ ಮನೆಯ ಗೋಳು ಎಂದು ಪುಟ ಮಗುಚಬಾರದಾಗಿ ಕೋರುತ್ತೇನೆ.

ಫೋನನ್ನು ಕೊಂಡವನು ನಾನಲ್ಲ. ನಮ್ಮ ಬಡಾವಣೆಯ ಹೆಂಗಸರು ಸೇರಿ ಹಾಕಿಕೊಂಡಿದ್ದ ಚೀಟಿಯನ್ನು ನನ್ನಾಕೆ ಎತ್ತಿದಳು. ಆ ಹಣಕ್ಕೆ ಅಡಿಗೆಮನೆಯಲ್ಲಿ ಬಹುಕಾಲದಿಂದ ಕಾದು ಕುಳಿತ ಹಕ್ಕುದಾರರಿದ್ದರು. ಊರಿಗೆಲ್ಲ ಕೇಳುವಂತೆ ಅರಚುವ ಮಿಕ್ಸಿಯೊಂದು, ಬಾಗಿಲು ಸರಿಯಾಗಿ ಕೂರದ ಫ್ರಿಜ್ಜು ಒಂದು. ಅವನ್ನು ಬದಿಗಿಟ್ಟು ಆಕೆ ನನ್ನನ್ನು ಅಂಗಡಿಗೆ ಕರೆದೊಯ್ದು 46,000 ರೂಪಾಯಿನ ಫೋನು ಕೊಡಿಸಿದಳು. ಏಕೆಂದು ನಾನು ಕೇಳಲಿಲ್ಲ. ಗಂಡಸರು ಕೇಳಬೇಕಾದ್ದನ್ನು ಕೇಳಬೇಕಾದ ಹೊತ್ತಿನಲ್ಲಿ ಕೇಳುವುದು ಅಪರೂಪ. ಯಾವ ಕಂಪೆನಿಯ ಫೋನು ಎಂಬುದು ಇಲ್ಲಿ ಅಪ್ರಸ್ತುತ. ಅಂಗಡಿಯ ಹುಡುಗ ಅದನ್ನು ಎರಡು ಕೈಯಲ್ಲಿ ಎತ್ತಿ, ಮಂಗಳಾರತಿಯ ತಟ್ಟೆಯ ಹಾಗೆ ನಮ್ಮ ಮುಂದೆ ಹಿಡಿದು, "ಕರ್ವ್ ಡಿಸ್‌ಪ್ಲೇ ಸಾರ್, ಗ್ಲಾಸ್ ಬ್ಯಾಕು, ಫುಲ್ ಪ್ರೀಮಿಯಂ" ಎಂದ. ನಮ್ಮಂಥವರಿಗೆ ಪ್ರೀಮಿಯಂ ಎಂದರೆ ಜೀವವಿಮೆಯ ಕಂತು. ಕಂತು ತಪ್ಪಿದರೆ ಪಾಲಿಸಿ ಹೋಯಿತು ಎಂಬ ಹೆದರಿಕೆ ಆ ಶಬ್ದದೊಡನೆ ಸೇರಿಕೊಂಡಿದೆ. ಹುಡುಗ ಹೇಳಿದ್ದು ಬೇರೆಯ ಅರ್ಥದಲ್ಲಿ. ಆದರೆ ಫೋನನ್ನು ಮನೆಗೆ ತಂದ ದಿನದಿಂದ ನನ್ನನ್ನು ಹಿಡಿದದ್ದು ಆ ಹಳೆಯ ಹೆದರಿಕೆಯೇ.

ವಸ್ತು ಸುಂದರವಾಗಿತ್ತು. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಮುಂದೆ ದೂರುವವನು ನಾನೇ. ಪರದೆ ಎರಡೂ ಬದಿಯಲ್ಲಿ ಬಾಗಿ ಕೆಳಗಿಳಿದು ಎಲ್ಲಿ ಮುಗಿಯಿತೆಂದು ಕಣ್ಣಿಗೆ ತಿಳಿಯದಂತೆ ಮುಗಿಯುತ್ತಿತ್ತು. ಕೆರೆ ತುಂಬಿ ಕೋಡಿ ಬೀಳುವುದಕ್ಕೆ ಮುನ್ನ ನೀರು ಏರಿಯ ಅಂಚಿಗೆ ಬಂದು ನಿಂತಿರುತ್ತದಲ್ಲ, ಅಂಥದೊಂದು ತುಂಬಿದ ನೋಟ. ರಾತ್ರಿ ದೀಪದ ಕೆಳಗೆ ಹೊರಳಿಸಿದರೆ ಬೆಳಕು ಅದರ ಬದಿಯ ಮೇಲೆ ಜಾರಿ ಹೋಗುವುದನ್ನು ನೋಡುತ್ತ ಕುಳಿತಿರಬಹುದಾಗಿತ್ತು, ಕುಳಿತಿದ್ದೂ ಉಂಟು.

ತೊಂದರೆ ಮೊದಲಾದದ್ದು ಅದನ್ನು ಹಿಡಿದುಕೊಳ್ಳಬೇಕಾಗಿ ಬಂದಾಗ. ಪುಸ್ತಕಕ್ಕೆ ಅಂಚಿನಲ್ಲಿ ಅಚ್ಚಿಲ್ಲದ ಜಾಗವುಂಟು. ಹೆಬ್ಬೆರಳು ಅಲ್ಲಿ ನಿಲ್ಲುತ್ತದೆ. ತಟ್ಟೆಗೆ ಕಂಠವುಂಟು, ಬಾವಿಗೆ ಕಟ್ಟೆಯುಂಟು, ಹಳೆಯ ಮನೆಗೆ ಜಗಲಿಯುಂಟು. ಈ ಫೋನಿನಲ್ಲಿ ಹಾಗೆ ಬೆರಳಿಡಲು ಬಿಟ್ಟ ಜಾಗವೇ ಇರಲಿಲ್ಲ. ಎಲ್ಲಿ ಮುಟ್ಟಿದರೂ ಅದು ಪರದೆ. ಪರದೆಯನ್ನು ಮುಟ್ಟಿದರೆ ಅದು ಅಪ್ಪಣೆ. ಮಲಗಿ ಓದುತ್ತಿದ್ದಾಗ ಅಂಗೈಯ ಮಾಂಸ ಬದಿಗೆ ತಗುಲಿ ಪುಟ ತಾನಾಗಿ ಹಾರುತ್ತಿತ್ತು. ಒಮ್ಮೆ ರಾತ್ರಿ 11 ಗಂಟೆಗೆ ನಮ್ಮ ಪ್ರಾಂಶುಪಾಲರಿಗೆ ಕರೆ ಹೋಯಿತು. ಅವರು ಗಾಬರಿಯಿಂದ "ಏನಾಯಿತ್ರೀ?" ಎಂದರು. ಹಿಡಿದುಕೊಂಡಿದ್ದೆ ಸಾರ್, ಅಷ್ಟೆ ಎಂದು ಹೇಳುವುದು ಹೇಗೆ? ಈ ತೊಂದರೆ ತಯಾರಕರಿಗೆ ತಿಳಿಯದ್ದಲ್ಲ. ಬದಿಗೆ ತಗುಲುವ ಅಂಗೈಯನ್ನು ಬೆರಳೆಂದು ಭಾವಿಸಬೇಡ ಎಂದು ಫೋನಿಗೆ ಕಲಿಸುವ ತಂತ್ರಾಂಶವನ್ನು ಬರೆದು ತುಂಬುತ್ತಾರೆ. ಎಂದರೆ, ಮೊದಲು ಹಿಡಿಯುವ ಜಾಗವನ್ನು ತೆಗೆದುಹಾಕುವುದು. ಆಮೇಲೆ ಹಿಡಿದ ಕೈಯನ್ನು ಲೆಕ್ಕಿಸಬೇಡವೆಂದು ಯಂತ್ರಕ್ಕೆ ಬುದ್ಧಿ ಹೇಳುವುದು.

ಬಾಗಿದ ವಸ್ತುಗಳಿಗೆ ನಾನು ವೈರಿಯಲ್ಲ. ಚನ್ನಪಟ್ಟಣದ ಗೊಂಬೆಯಲ್ಲಿ ಚೂಪಾದ ಮೂಲೆಯನ್ನು ಹುಡುಕಿದರೂ ಸಿಕ್ಕುವುದು ಕಷ್ಟ. ಮರ ತಿರುಗುತ್ತಿರುವಾಗ ಉಳಿ ಹಿಡಿದು ದುಂಡು ಮಾಡುತ್ತಾರೆ. ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾರೆ. ಆ ದುಂಡು ಮಗುವಿನ ಕೈಯನ್ನೂ ಬಾಯಿಯನ್ನೂ ಬಲ್ಲದ್ದು. ಅಜ್ಜಿಯ ಮನೆಯ ಒನಕೆಯ ನಡು ಸವೆದು ಬಾಗಿತ್ತು. ಅದು ಮೂರು ತಲೆಮಾರಿನ ಅಂಗೈಗಳು ಕೆತ್ತಿದ ಬಾಗು. ನನ್ನ ಫೋನಿನ ಬಾಗು ಕೈ ಕೇಳಿದ್ದಲ್ಲ, ಅಂಗಡಿಯ ದೀಪ ಕೇಳಿದ್ದು.

ಅಂಗಡಿಯ ದೀಪ ಅದನ್ನು ಕೇಳಿದ್ದಕ್ಕೂ ಒಂದು ಚರಿತ್ರೆಯಿದೆ. 2013ರಲ್ಲಿ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಎಂಬ ಕೊರಿಯಾದ ಎರಡು ಕಂಪೆನಿಗಳು ಬಾಗಿದ ಪರದೆಯ ಫೋನುಗಳನ್ನು ಹೊರತಂದವು. 2014ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ ಎಡ್ಜ್ ಎಂಬ ಫೋನಿನಲ್ಲಿ ಪರದೆ ಒಂದು ಬದಿಗೆ ಮಡಚಿ ಇಳಿಯಿತು. 2015ರಲ್ಲಿ ಗ್ಯಾಲಕ್ಸಿ ಎಸ್6 ಎಡ್ಜ್‌ನಲ್ಲಿ ಎರಡು ಬದಿಗೂ ಇಳಿಯಿತು. ಅಷ್ಟರಲ್ಲಿ ಲೋಕದ ಫೋನುಗಳೆಲ್ಲ ಒಂದೇ ಅಚ್ಚಿನ ಕರಿಯ ಹಲಗೆಗಳಾಗಿಬಿಟ್ಟಿದ್ದವು. ಸಾಲಾಗಿ ಇಟ್ಟರೆ ಯಾವುದು ಹತ್ತು ಸಾವಿರದ್ದು, ಯಾವುದು ಐವತ್ತು ಸಾವಿರದ್ದು ಎಂದು ದೂರದಿಂದ ಹೇಳುವಂತಿರಲಿಲ್ಲ. ಐವತ್ತು ಸಾವಿರ ಕೊಟ್ಟವನಿಗೆ ಇದಕ್ಕಿಂತ ದೊಡ್ಡ ಸಂಕಟ ಮತ್ತೊಂದಿಲ್ಲ. ಬಾಗಿದ ಪರದೆ ಆ ಸಂಕಟವನ್ನು ನಿವಾರಿಸಿತು. ನೋಟ್ ಎಡ್ಜ್‌ನ ಬದಿಯಲ್ಲಿ ಗಡಿಯಾರವನ್ನೂ ಸೂಚನೆಗಳನ್ನೂ ತೋರಿಸಬಹುದಿತ್ತು, ಅಳತೆಪಟ್ಟಿಯನ್ನೂ ತೋರಿಸುತ್ತಿತ್ತು ಎಂಬುದು ನಿಜ. ಆದರೆ ಅಳತೆಪಟ್ಟಿ ಬೇಕಾದವನು ಎಂಟಾಣೆಯ ಕಾಲದಿಂದಲೂ ಅದನ್ನು ಬೇರೆಯಾಗಿಯೇ ಕೊಳ್ಳುತ್ತ ಬಂದಿದ್ದಾನೆ.

ಇದರ ಒಳಗುಟ್ಟು ನನಗೆ ತಿಳಿದಾಗ ನಗು ಬಂತು. ಗಾಜಿನ ತಳದ ಮೇಲೆ ಕಟ್ಟಿದ ಪರದೆಯನ್ನು ಹೀಗೆ ಬಾಗಿಸುವುದು ಕಷ್ಟ. ಓಎಲ್‌ಇಡಿ ಎಂಬ ಜಾತಿಯ ಪರದೆಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಹಿಂದೆ ಬೇರೆ ದೀಪ ಬೇಕಿಲ್ಲ. ಆದ್ದರಿಂದ ಅದನ್ನು ಪಾಲಿಇಮೈಡ್ ಎಂಬ ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಟ್ಟಬಹುದು. ಹಾಳೆ ಬಾಗಿದಂತೆ ಪರದೆ ಬಾಗುತ್ತದೆ. ಅದರ ಮೇಲೆ ಬಾಗಿಸಿದ ಗಾಜನ್ನು ಅಂಟಿಸುತ್ತಾರೆ. ಹೀಗೆ, ಪ್ಲಾಸ್ಟಿಕ್ಕಿನ ಫೋನನ್ನು ನಾಚಿಸಲು ಹುಟ್ಟಿದ ಆ ಬಾಗು ಹುಟ್ಟಿದ್ದೇ ಪ್ಲಾಸ್ಟಿಕ್ಕಿನ ಮಡಿಲಲ್ಲಿ.

ಪ್ಲಾಸ್ಟಿಕ್ಕು ಮಾಡಿದ ಅಪರಾಧವಾದರೂ ಏನು? ಎಸ್6ಕ್ಕಿಂತ ಒಂದು ವರ್ಷ ಹಿಂದೆ, 2014ರಲ್ಲಿ, ಅದೇ ಕಂಪೆನಿಯ ಗ್ಯಾಲಕ್ಸಿ ಎಸ್5 ಬಂದಿತ್ತು. ಅದರ ಬೆನ್ನು ಚುಕ್ಕಿ ಚುಕ್ಕಿಯ ಪ್ಲಾಸ್ಟಿಕ್ಕು. ಉಗುರಿನಿಂದ ಎಬ್ಬಿಸಿದರೆ ಬೆನ್ನು ಕಳಚಿ ಬರುತ್ತಿತ್ತು. ಬ್ಯಾಟರಿ ಸೋತರೆ ಬೇರೆಯದನ್ನು ಹಾಕಿಕೊಳ್ಳಬಹುದಿತ್ತು. ನೆನಪಿನ ಕಾರ್ಡನ್ನು ಸೇರಿಸಬಹುದಿತ್ತು. ಅದೆಲ್ಲದರ ಮೇಲೆ, ನೀರಿಗೆ ಬಿದ್ದರೂ ತಾಳಿಕೊಳ್ಳುವಂತೆ ಅದನ್ನು ಮಾಡಿದ್ದರು. ವಿಮರ್ಶಕರು ಅದರ ಬೆನ್ನನ್ನು ಗಾಯಕ್ಕೆ ಹಚ್ಚುವ ಪಟ್ಟಿಗೆ ಹೋಲಿಸಿ ನಕ್ಕರು. ಮರುವರ್ಷದ ಎಸ್6ಕ್ಕೆ ಗಾಜಿನ ಬೆನ್ನೂ ಲೋಹದ ಚೌಕಟ್ಟೂ ಬಂದವು. ಬ್ಯಾಟರಿ ಒಳಗೆ ಸೆರೆಯಾಯಿತು, ಕಾರ್ಡಿನ ಕಿಂಡಿ ಮುಚ್ಚಿತು, ನೀರನ್ನು ತಾಳುವ ಗುಣವೂ ಹೋಯಿತು. ಅದು ಮರಳಿದ್ದು 2016ರ ಫೋನಿನಲ್ಲಿ. ಮೊದಲು ನಕ್ಕಿದ್ದವರೇ ಈಗ ಭೇಷ್ ಎಂದರು. ಮೂರು ಪ್ರಯೋಜನಗಳನ್ನು ಬಿಟ್ಟುಕೊಟ್ಟು ಒಂದು ಸ್ಪರ್ಶವನ್ನು ಪಡೆದದ್ದನ್ನು ಏರಿಕೆಯೆಂದು ಕರೆಯಲು ನಮಗೆ ಯಾವ ಕಷ್ಟವೂ ಆಗಲಿಲ್ಲ.

ಪ್ಲಾಸ್ಟಿಕ್ಕಿನ ಪರವಾಗಿ ವಕಾಲತ್ತು ಹಿಡಿಯುವಾಗ ಅದರ ಒಂದು ದೋಷವನ್ನೂ ಹೇಳಬೇಕು. ಅದು ಸುಲಭವಾಗಿ ವೇಷ ಹಾಕುತ್ತದೆ. 2013ರ ಗ್ಯಾಲಕ್ಸಿ ನೋಟ್ 3 ಎಂಬ ಫೋನಿನ ಬೆನ್ನಿನಲ್ಲಿ ಚರ್ಮದ ಸುಕ್ಕು ಇತ್ತು, ಸುತ್ತ ಹೊಲಿಗೆಯೂ ಇತ್ತು. ಚರ್ಮವೂ ಅಲ್ಲ, ಹೊಲಿಗೆಯೂ ಅಲ್ಲ, ಎರಡೂ ಪ್ಲಾಸ್ಟಿಕ್ಕು. ಅಂಥದ್ದನ್ನು ಕಂಡು ಜನ ನಕ್ಕರೆ ಅದು ನ್ಯಾಯವೇ. ಆದರೆ 2011ರಲ್ಲಿ ನೋಕಿಯಾ ಕಂಪೆನಿ ಎನ್9 ಎಂಬ ಫೋನನ್ನು ಮಾಡಿತು. ಪಾಲಿಕಾರ್ಬೊನೇಟಿನ ಒಂದೇ ಗಟ್ಟಿಯಿಂದ ತೆಗೆದ ಮೈ; ಬಣ್ಣ ಮೇಲೆ ಬಳಿದದ್ದಲ್ಲ, ಒಳಗಿನವರೆಗೂ ಕಲೆತದ್ದು. ಗೀರು ಬಿದ್ದರೆ ಗೀರಿನ ಒಳಗೂ ಅದೇ ನೀಲಿ. ಇಂಥ ಪ್ಲಾಸ್ಟಿಕ್ಕನ್ನು ನಾನು ಸಜ್ಜನ ಎನ್ನುತ್ತೇನೆ. ಗಾಯವಾದರೆ ಬೇರೊಬ್ಬನಾಗಿ ಕಾಣಿಸದ ಮನುಷ್ಯ ಎಷ್ಟು ಜನ ಸಿಕ್ಕಾರು?

ಇನ್ನು ಫೋನು ಬಿದ್ದ ಸಂಗತಿ. ಅದರಲ್ಲಿ ನಾಟಕೀಯವಾದದ್ದು ಏನೂ ಇಲ್ಲ. ಕಾಲೇಜಿನ ಮೆಟ್ಟಿಲ ಮೇಲೆ, ಬಗಲಲ್ಲಿ ಹಾಜರಿ ಪುಸ್ತಕ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಫೋನು. ಜಾರಿತು. ಗಾಜಿನ ಮುಂಭಾಗ, ಗಾಜಿನ ಬೆನ್ನು, ಎರಡರ ನಡುವೆ ದಾರದಷ್ಟು ಲೋಹ. ಒದ್ದೆ ಕೈಯಿಂದ ಜಾರದೆ ಇನ್ನೇನು ಮಾಡೀತು? ಬದಿಯ ಬಾಗಿನ ಮೇಲೆ ಬಿತ್ತು. ಸಪಾಟಾದ ಫೋನಾಗಿದ್ದರೆ ಬದಿಯ ಏಟನ್ನು ಚೌಕಟ್ಟು ತಿನ್ನುತ್ತಿತ್ತು. ಇಲ್ಲಿ ಗಾಜೇ ಬದಿಗೆ ಬಂದು ನಿಂತಿತ್ತು. ಮೇಲಿನ ಮೂಲೆಯಿಂದ ಕೆಳಗಿನವರೆಗೆ ಬಾಗಿನ ಉದ್ದಕ್ಕೂ ಬೇರಿನಂತೆ ಸೀಳು ಹರಿಯಿತು.

ಈ ಗಾಜು ಸಾಮಾನ್ಯ ಗಾಜಲ್ಲ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಇಂಥ ಗಾಜನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಪೊಟ್ಯಾಸಿಯಂ ಲವಣದ ತೊಟ್ಟಿಯಲ್ಲಿ ಅದ್ದಿ ಇಡುತ್ತಾರೆ. ಗಾಜಿನ ಮೈಯಲ್ಲಿದ್ದ ಸೋಡಿಯಂ ಕಣಗಳು ಹೊರಟುಹೋಗಿ, ಅವಕ್ಕಿಂತ ದೊಡ್ಡವಾದ ಪೊಟ್ಯಾಸಿಯಂ ಕಣಗಳು ಅದೇ ಜಾಗದಲ್ಲಿ ಬಂದು ಕೂರುತ್ತವೆ. ಇಬ್ಬರು ಕೂರುವ ಬಸ್ಸಿನ ಸೀಟಿನಲ್ಲಿ ಇಬ್ಬರು ದಢೂತಿ ಮನುಷ್ಯರು ಕುಳಿತರೆ ನಡುವೆ ಬೆರಳು ತೂರಿಸಲೂ ಎಡೆಯಿರುವುದಿಲ್ಲವಲ್ಲ, ಗಾಜಿನ ಮೇಲ್ಮೈ ಹಾಗೆ ಒತ್ತಿಕೊಂಡು ಬಿಗಿಯಾಗುತ್ತದೆ. ಬಿರುಕು ಸುಲಭವಾಗಿ ಬಾಯಿ ತೆರೆಯಲಾರದು. ಅಮೆರಿಕದ ಕಾರ್ನಿಂಗ್ ಕಂಪೆನಿ 1960ರ ದಶಕದಲ್ಲೇ ಇಂಥ ಗಾಜನ್ನು ಮಾಡಿ, ಹೆಚ್ಚಿನ ಗಿರಾಕಿಯಿಲ್ಲದೆ ಕೈಬಿಟ್ಟಿತ್ತು. 2007ರ ಜನವರಿಯಲ್ಲಿ ಐಫೋನನ್ನು ಲೋಕಕ್ಕೆ ತೋರಿಸಿದ ಆಪಲ್ ಕಂಪೆನಿ ಅದೇ ಜೂನಿನಲ್ಲಿ, ಮಾರಾಟಕ್ಕೆ ಕೆಲವೇ ದಿನ ಮುಂಚೆ, ಮುಖದ ಪ್ಲಾಸ್ಟಿಕ್ಕನ್ನು ತೆಗೆದು ಗಾಜು ಹಾಕಿರುವುದಾಗಿ ಪ್ರಕಟಿಸಿತು. ಅಲ್ಲಿಂದ ಗಾಜಿನ ರಾಜ್ಯಭಾರ. ಮುಖಕ್ಕೆ ಗಾಜು ಹಾಕಿದ್ದು ಸರಿಯೇ. ಕೀಲಿಗೊಂಚಲಿನ ಜೊತೆ ಜೇಬಿನಲ್ಲಿದ್ದರೂ ಗೀರು ಬೀಳದಿರಲೆಂದು ಹಾಕಿದ್ದು, ಅದು ಉಪಯೋಗದ ಮಾತು. ಆದರೆ ಬೆನ್ನಿಗೇಕೆ ಗಾಜು? ತಂತಿಯಿಲ್ಲದೆ ವಿದ್ಯುತ್ತು ತುಂಬಲು ಲೋಹ ಅಡ್ಡಿ, ಆದ್ದರಿಂದ ಗಾಜು ಎನ್ನುತ್ತಾರೆ. ಪ್ಲಾಸ್ಟಿಕ್ಕೂ ಅಡ್ಡಿಯಲ್ಲ ಎಂಬುದನ್ನು ಮಾತ್ರ ಮೆಲ್ಲಗೆ ಹೇಳುತ್ತಾರೆ.

ರಿಪೇರಿ ಅಂಗಡಿಯ ಹುಡುಗ ಫೋನನ್ನು ಹೊರಳಿಸಿ ನೋಡಿ, "ಫ್ಲಾಟ್ ಆಗಿದ್ರೆ ಮೇಲಿನ ಗ್ಲಾಸ್ ಮಾತ್ರ ತೆಗೆದು ಹಾಕ್ಕೊಡ್ತಿದ್ದೆ ಸಾರ್. ಕರ್ವ್ ನೋಡಿ, ಬದೀಲಿ ಸರಿಯಾಗಿ ಕೂರಲ್ಲ. ಪೂರ್ತಿ ಡಿಸ್‌ಪ್ಲೇನೇ ಬದಲಾಯಿಸ್ಬೇಕು" ಎಂದ. ಕಂಪೆನಿಯವರ ಕೇಂದ್ರದಲ್ಲಿ 17,500 ರೂಪಾಯಿ ಎಂದರು. ಉರಿಯುತ್ತಿರುವ ಪರದೆಯನ್ನು ಮೇಲಿನ ಗಾಜು ಒಡೆದ ತಪ್ಪಿಗೆ ಎಸೆಯಬೇಕು! ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಒಂದು ಕಟ್ಟಳೆ ಬಂದಿದೆ. ಒಂದು ಮಾದರಿಯ ಫೋನಿನ ಮಾರಾಟ ನಿಂತ ಮೇಲೂ 7 ವರ್ಷ ಅದರ ಬಿಡಿಭಾಗಗಳನ್ನು ಒದಗಿಸಬೇಕು. ನಮ್ಮ ಸರಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಒಳ್ಳೆಯದೇ. ಆದರೆ ಬಿಡಿಭಾಗವೇ ಫೋನಿನ ಬೆಲೆಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾದರೆ ಅದನ್ನು ಬಿಡಿಭಾಗ ಎನ್ನುವುದು ಹೇಗೆ? ಹುಡುಗ ಒಡೆದ ಬದಿಗೆ ಪಾರದರ್ಶಕವಾದ ಅಂಟುಪಟ್ಟಿ ಹಚ್ಚಿ, ಹಣ ಬೇಡವೆಂದ. ಬೇಡವೆಂದವನಿಗೆ ಏನಾದರೂ ಕೊಡಬೇಕೆನ್ನಿಸಿ ಆ ರೆಕ್ಸಿನ್ ಕವಚವನ್ನು ಕೊಂಡೆ. ಕೊಂಡದ್ದು ಕೃತಜ್ಞತೆಯಿಂದ ಎಂದು ಆಗ ನಂಬಿದ್ದೆ.

ಮನೆಗೆ ಬರುವ ದಾರಿಯಲ್ಲಿ ಅದನ್ನು ಪರೀಕ್ಷಿಸಿದೆ. ಕರೆ ಹೋಗುತ್ತಿತ್ತು, ಬರುತ್ತಿತ್ತು. ಓದಬಹುದಿತ್ತು, ಬರೆಯಬಹುದಿತ್ತು, ಚಿತ್ರ ತೆಗೆಯಬಹುದಿತ್ತು. ನನ್ನ ಉಪಯೋಗಕ್ಕೆ ಬೇಕಾದ ಒಂದು ಗುಣವೂ ಹೋಗಿರಲಿಲ್ಲ. ಆದರೂ ಹೊಟ್ಟೆಯಲ್ಲಿ 46,000 ರೂಪಾಯಿ ಕಳೆದುಕೊಂಡವನ ಸಂಕಟ. ಇದೇನು ವಿಚಿತ್ರ? ಮುರಿದದ್ದು ನಾನು ಬಳಸದೇ ಇದ್ದ ಭಾಗ. ಬಳಸುತ್ತಿದ್ದ ಭಾಗವೆಲ್ಲ ಕೈಯಲ್ಲಿ ಸುರಕ್ಷಿತವಾಗಿಯೇ ಇದೆ. ಹಾಗಾದರೆ ಇಷ್ಟು ದಿನ ನನ್ನ ಬಳಿ ಇದ್ದದ್ದು ಫೋನೇ, ಅಥವಾ ಫೋನಿನ ಹೆಸರಿನಲ್ಲಿ ಇದ್ದ ಬೇರೆ ಏನೋ? ಅಮ್ಮನ ಹಿತ್ತಾಳೆಯ ಬಿಂದಿಗೆ ನನ್ನ ಕೈಯಿಂದ ಬಾವಿಕಟ್ಟೆಯ ಮೇಲೆ ಬಿದ್ದು ನೆಗ್ಗಿದ ದಿನ ನಾನು ಅದನ್ನು ಮುಚ್ಚಿಡಲಿಲ್ಲ. ಬಯ್ಯಿಸಿಕೊಂಡೆ, ನೆಗ್ಗಿದ ಬಿಂದಿಗೆಯಲ್ಲೇ ನೀರು ಹೊತ್ತೆ. ನೆಗ್ಗು ಬಿಂದಿಗೆಯ ಚರಿತ್ರೆಯಾಯಿತು. ಗಾಜಿಗೆ ಹೀಗೆ ಹಳತಾಗುವ ದಾರಿಯೇ ಇಲ್ಲ. ಅದು ಹೊಸದಾಗಿರಬೇಕು, ಇಲ್ಲವೇ ಒಡೆದಿರಬೇಕು. ನಡುವಿನ ವಯಸ್ಸೆಂಬುದು ಅದಕ್ಕಿಲ್ಲ. ನಲವತ್ತು ದಾಟಿದವನಿಗೆ ಇಂಥ ವಸ್ತುವನ್ನು ಜೊತೆಗಿಟ್ಟುಕೊಳ್ಳುವುದು ಸ್ವಲ್ಪ ಮುಜುಗರವೇ.

ಬೆಲೆ ಇರುವುದು ವಸ್ತುವಿನಲ್ಲಿ ಅಲ್ಲ ಎಂಬುದಕ್ಕೆ ಕಂಪೆನಿಗಳ ನಡತೆಯೇ ಸಾಕ್ಷಿ. ಆಪಲ್ಲಿನ 2010ರ ಫೋನಿಗೆ ಎರಡು ಬದಿಯೂ ಗಾಜು, ಸುತ್ತ ಉಕ್ಕು. ಆಮೇಲೆ ಅಲ್ಯೂಮಿನಿಯಂ, ಮತ್ತೆ ಗಾಜು, ಮತ್ತೆ ಉಕ್ಕು. 2023ರ ಐಫೋನ್ 15 ಪ್ರೋ ಬಂದಾಗ ಟೈಟೇನಿಯಂ. ಆಕಾಶನೌಕೆಗಳಿಗೆ ಬಳಸುವ ಲೋಹವೆಂದು ಅದರ ಗುಣಗಾನ. 2025ರ ಐಫೋನ್ 17 ಪ್ರೋ ಮತ್ತೆ ಅಲ್ಯೂಮಿನಿಯಂಗೆ ಹಿಂದಿರುಗಿತು. ಅಲ್ಯೂಮಿನಿಯಂ ಶಾಖವನ್ನು ಟೈಟೇನಿಯಂಗಿಂತ ಬಹಳ ಚೆನ್ನಾಗಿ ಹೊರಗೆ ಸಾಗಿಸುತ್ತದೆ. ಹಾಗೆಂದು ಬೆಲೆ ಅಡಿಗೆಮನೆಯ ಪಾತ್ರೆಯ ಮಟ್ಟಕ್ಕೇನೂ ಇಳಿಯಲಿಲ್ಲ. ಬಾಗಿನ ಕಥೆಯೂ ಇದೇ. ಅದನ್ನು ಲೋಕಕ್ಕೆ ಪರಿಚಯಿಸಿದ ಸ್ಯಾಮ್‌ಸಂಗ್ 2024ರ ಎಸ್24 ಅಲ್ಟ್ರಾದಲ್ಲಿ ಪರದೆಯನ್ನು ಪುನಃ ಸಪಾಟು ಮಾಡಿತು. ಅಷ್ಟರಲ್ಲಿ ಬಾಗು ಮೇಲಿನ ಅಂತಸ್ತಿನಿಂದ ನಮ್ಮಂಥವರ ಬೆಲೆಗೆ ಇಳಿದು ಬಂದಿತ್ತು, ದರ್ಬಾರಿನ ಮೈಸೂರು ಪೇಟ ಈಗ ಬಡಾವಣೆಯ ಸಂಘದ ಸನ್ಮಾನಕ್ಕೂ ಬರುವ ಹಾಗೆ. ದೊಡ್ಡವರು ಬಿಟ್ಟ ಮೇಲೆ ಅದು ನನ್ನ ತಲೆಗೆ ಬಂತು.

ಇಷ್ಟೆಲ್ಲ ವಿಚಾರವಂತಿಕೆ ನನ್ನಲ್ಲಿ ಇದ್ದರೂ ಕವಚದ ಮುಚ್ಚಳವನ್ನು ಆಕೆಯ ಎದುರಿಗೆ ನಾನು ತೆರೆಯಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. 22ನೆಯ ದಿನ ಸೊಪ್ಪಿನವಳು ಬಾಗಿಲಿಗೆ ಬಂದಳು. ನನ್ನಾಕೆಯ ಫೋನಿನಲ್ಲಿ ಚಾರ್ಜು ಮುಗಿದಿತ್ತು. ನಾನು ಸ್ನಾನದ ಮನೆಯಲ್ಲಿದ್ದೆ. 30 ರೂಪಾಯಿ ಕಳಿಸಲು ಆಕೆ ನನ್ನ ಫೋನನ್ನು ತೆರೆದಳು. ನಾನು ಹೊರಬಂದಾಗ ಫೋನು ಮೇಜಿನ ಮೇಲೆ ಮುಚ್ಚಳ ತೆರೆದುಕೊಂಡು ಮಲಗಿತ್ತು. ಪಕ್ಕದಲ್ಲಿ ಮೆಂತ್ಯದ ಕಟ್ಟು.

"ಯಾವಾಗ ಬಿತ್ತು?" ಎಂದಳು.

ಹೇಳಿದೆ.

"ಮೂರು ವಾರ ಹೇಗೆ ಮುಚ್ಚಿಟ್ಟುಕೊಂಡು ಇದ್ರಿ?"

ನಾನು ಕಂಪೆನಿಗಳನ್ನು ಬಯ್ಯಲು ಪ್ರಾರಂಭಿಸಿದೆ. ಮೇಲೆ ಬರೆದದ್ದರಲ್ಲಿ ಬಹುಭಾಗವನ್ನು, ಇದಕ್ಕಿಂತ ಹೆಚ್ಚು ಆವೇಶದಿಂದ, ಆ ಬೆಳಗ್ಗೆ ಆಕೆಯ ಮುಂದೆ ಹೇಳಿದೆ. ನಿತ್ಯದ ವಸ್ತುವನ್ನು ಇಷ್ಟು ನಾಜೂಕಾಗಿ ಮಾಡಿ, ಆಮೇಲೆ ಅದರ ಮೇಲೆ ಇನ್ನೂರೈವತ್ತು ರೂಪಾಯಿನ ರೆಕ್ಸಿನ್ ಹೊದಿಸಿ ತಿರುಗುವ ನಮಗಿಂತ ಮೂರ್ಖರುಂಟೆ ಎಂದೆ. ಚಿನ್ನದ ಚೂರಿಯೆಂದು ಹೊಟ್ಟೆಗೆ ತಿವಿದುಕೊಳ್ಳುತ್ತಾರೆಯೆ ಎಂದೆ.

ಆಕೆ ಮೆಂತ್ಯ ಬಿಡಿಸುತ್ತ ಕೇಳಿಸಿಕೊಂಡಳು. "ರೇಷ್ಮೆ ಸೀರೆಗೆ ಫಾಲ್ಸ್ ಹಾಕಲ್ವೇ?" ಎಂದಳು. ಬಿಡುವಿನಲ್ಲಿ ಅಕ್ಕಪಕ್ಕದವರ ಸೀರೆಗಳಿಗೆ ಆಕೆ ಫಾಲ್ಸ್ ಹೊಲಿದುಕೊಡುತ್ತಾಳೆ. ಹತ್ತಿಯ ಒಂದು ಸಾದಾ ಪಟ್ಟಿಯನ್ನು ಸೀರೆಯ ಕೆಳಗಿನ ಅಂಚಿಗೆ ಒಳಗಿನಿಂದ ಸೇರಿಸುವುದು. ನೆಲ, ಕಾಲುಂಗುರ, ಚಪ್ಪಲಿ ಎಲ್ಲದರ ಉಜ್ಜಾಟವನ್ನು ರೇಷ್ಮೆಯ ಬದಲಾಗಿ ಅದು ತಿನ್ನುತ್ತದೆ. "ಒಳ್ಳೇದನ್ನ ಕಾಪಾಡ್ಕೊಳ್ಳೋದು ಮೂರ್ಖತನ ಹೇಗಾಗತ್ತೆ?"

ನನ್ನ ವಾದದ ಒಂದು ಕಾಲು ಮುರಿಯಿತು. ಸ್ವಲ್ಪ ತಡೆದು, ಫಾಲ್ಸ್ ಸೀರೆಯನ್ನು ಮುಚ್ಚುವುದಿಲ್ಲ, ನೆರಿಗೆ ಸರಿಯಾಗಿ ಬೀಳಲು ಸಹಾಯ ಮಾಡುತ್ತದೆ ಎಂದೆ. ಅದೂ ಅಲ್ಲದೆ ರೇಷ್ಮೆ ಸೀರೆ ಹಬ್ಬದ್ದು, ಫೋನು ನಿತ್ಯದ್ದು, ಹಬ್ಬದ ಪಾತ್ರೆಯಲ್ಲಿ ದಿನಾ ಸಾರು ಕಾಯಿಸುವುದುಂಟೆ ಎಂದೆ. ಈ ಉತ್ತರ ಸರಿಯೆಂದು ಈಗಲೂ ನನಗೆ ತೋರುತ್ತದೆ. ಆಕೆಗೂ ತೋರಿರಬೇಕು, ಏಕೆಂದರೆ ಅದಕ್ಕೆ ಪ್ರತಿ ಹೇಳಲಿಲ್ಲ. ಹೇಳಿದ್ದು ಬೇರೆ.

"ನಿಮ್ಮ ಅಕ್ಕನ ಮಗಳ ಮದುವೇಲಿ ಎಲ್ಲರೂ ಊಟಕ್ಕೆ ಕೂತಾಗ ಫೋನು ಎಲೆ ಪಕ್ಕ ಇಟ್ಕೊಂಡಿದ್ರು. ನಿಮ್ಮದು ಎರಡು ಸಲ ಹೊಡ್ಕೊಂಡ್ರೂ ನೀವು ಜೇಬಿಂದ ತೆಗೀಲಿಲ್ಲ. ನಾನು ಎದುರು ಪಂಕ್ತೀಲಿದ್ದೆ. ನೋಡ್ದೆ."

ನನ್ನ ಹಿಂದಿನ ಫೋನು 9,000 ರೂಪಾಯಿನದು, ಪ್ಲಾಸ್ಟಿಕ್ಕಿನ ಬೆನ್ನು. ಆ ಬೆನ್ನಿನ ಕೊಕ್ಕೆ ಮುರಿದು ರಬ್ಬರು ಬ್ಯಾಂಡು ಹಾಕಿದ್ದೆ. ನಾಲ್ಕು ವರ್ಷ ಅದು ನನಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಪ್ಲಾಸ್ಟಿಕ್ಕಿನ ಸಜ್ಜನಿಕೆಯನ್ನು ಇಷ್ಟು ಹೊಗಳುವ ನಾನು, ಅದು ಜೇಬಿನಲ್ಲಿ ಕೂಗಿಕೊಂಡಾಗ ಯಾರದೋ ಮಗು ಅಳುತ್ತಿದೆ ಎಂಬಂತೆ ಅತ್ತ ನೋಡಿ ಕುಳಿತಿದ್ದೆ. ಆ ಸಂಜೆ ನೆನಪಾಯಿತು; ಎಲೆಯ ಮೇಲೆ ಹೋಳಿಗೆ ಇತ್ತು, ಪಕ್ಕದಲ್ಲಿ ಕುಳಿತಿದ್ದ ಭಾವಮೈದುನನ ಫೋನಿನ ಬದಿಯಲ್ಲಿ ಚಪ್ಪರದ ದೀಪ ಹೊಳೆಯುತ್ತಿತ್ತು. ಕವಚವನ್ನು ಕೊಂಡದ್ದು ಕಳೆದ ಮಳೆಗಾಲದಲ್ಲಾದರೂ ನಾನು ಮುಚ್ಚಿಡಲು ಪ್ರಾರಂಭಿಸಿದ್ದು ಅಲ್ಲಿಂದ. ಆ ಸಲ ರೆಕ್ಸಿನ್ನು ಬೇಕಾಗಲಿಲ್ಲ, ಜುಬ್ಬದ ಜೇಬೇ ಸಾಕಾಗಿತ್ತು. ಕಡಿಮೆ ಬೆಲೆಯದೆಂದು ಒಂದನ್ನು ಮುಚ್ಚಿಟ್ಟೆ. ಹೆಚ್ಚು ಬೆಲೆಯದೆಂದು ಇನ್ನೊಂದನ್ನು. ನಡುವೆ, ನನ್ನ ನಾಚಿಕೆಯನ್ನು ಎದುರಿನ ಪಂಕ್ತಿಯಿಂದ ಕಂಡು, ಯಾರಿಗೂ ಹೇಳದೆ, ಮಿಕ್ಸಿಯ ಹಣವನ್ನು ಅದಕ್ಕೆ ಔಷಧವೆಂದು ಸುರಿದವಳು ಇವಳು. ಕಂಪೆನಿಯವರು ಗಾಜನ್ನು ಬಾಗಿಸಿದರು, ನಿಜ. ಅಂಗಡಿಯ ದೀಪ ಅದನ್ನು ಕೇಳಿತು ಎಂದು ಮೇಲೆ ಬರೆದೆನಲ್ಲ, ಚಪ್ಪರದ ದೀಪವೂ ಕೇಳಿತ್ತು ಎಂದು ಸೇರಿಸಿಕೊಂಡು ಓದಬೇಕು.

"ಮಿಕ್ಸಿ ತಂದಿದ್ರೆ ಆಗ್ತಿತ್ತು" ಎಂದೆ.

"ಮಿಕ್ಸಿ ಇನ್ನೂ ತಿರುಗ್ತಾ ಇದೆ" ಎಂದು ಆಕೆ ಸೊಪ್ಪು ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅದು ಅರಚಿತು.

ಪರದೆಯನ್ನು ಬದಲಾಯಿಸಲಿಲ್ಲ. ಅಂಟುಪಟ್ಟಿಯ ಅಂಚಿನಲ್ಲಿ ಧೂಳು ಕೂತು ಕಪ್ಪು ಗೆರೆಯೊಂದು ಮೂಡಿದೆ. ವಿನೋದವೆಂದರೆ, ಪರದೆ ಎಲ್ಲಿ ಮುಗಿಯುತ್ತದೆಂದು ಈಗ ನನಗೆ ಕಾಣುತ್ತದೆ, ಹೆಬ್ಬೆರಳು ಅಲ್ಲಿ ನಿಲ್ಲುತ್ತದೆ, ಪುಟ ತಾನಾಗಿ ಹಾರುವುದು ಕಡಿಮೆಯಾಗಿದೆ. ತರಗತಿಯಲ್ಲಿ ಮೇಜಿನ ಮೇಲೆ ಇಟ್ಟಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು "ಅಯ್ಯೋ ಸಾರ್" ಎಂದಳು. ಬಿತ್ತಮ್ಮ ಎಂದೆ.

ಮೊನ್ನೆ ರಾತ್ರಿ ಕರೆಂಟು ಹೋಯಿತು. ಬೆಳಗ್ಗೆಗೆ ಕೊಡಬೇಕಾದ ಸೀರೆಯೊಂದು ನನ್ನಾಕೆಯ ತೊಡೆಯ ಮೇಲಿತ್ತು, ಫಾಲ್ಸ್ ಇನ್ನೂ ಒಂದು ಗಜ ಬಾಕಿ. ಫೋನಿನ ದೀಪ ಹಚ್ಚಿ ಹಿಡಿದು ನಿಂತೆ. ರೆಕ್ಸಿನ್ ಮುಚ್ಚಳ ಹಿಂದಕ್ಕೆ ಮಡಚಿಕೊಂಡು ಬೆಳಕಿಗೆ ಅಡ್ಡ ಬರುತ್ತಿತ್ತು.

"ಅದನ್ನ ತೆಗೆದುಬಿಡಿ" ಎಂದಳು.

ತೆಗೆದೆ. ಸೀರೆಯ ಅಂಚಿನ ಮೇಲೆ ಬೆಳಕು ಬಿತ್ತು. ಆಕೆ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ, "ಆ ಕಡೆ ಹಿಡೀಬೇಡಿ, ಒಡೆದಿದೆ, ಕೈಗೆ ಚುಚ್ಚತ್ತೆ" ಎಂದಳು. ನಾನು ಕೈ ಬದಲಾಯಿಸಿಕೊಂಡೆ.